ಮೊದಲಕ್ಷರ ಹಿಡಿದು ಇಂಗ್ಲಿಷ್ ಪದ ಕಲಿಸುವ ನೋಟ್ಸ್: ಕೊಳ್ಳಬಹುದು, ಕೆಲವು ಪುಟಗಳನ್ನು ನಂಬಬಾರದು

ತುಮಕೂರಿನ ಬಿ.ಎಚ್. ರಸ್ತೆ ಮತ್ತು ಎಂ.ಜಿ. ರಸ್ತೆಯ ಆಸುಪಾಸಿನ ಜೆರಾಕ್ಸ್ ಅಂಗಡಿಗಳಲ್ಲಿ ಸಂವಿಧಾನ, ಭೂಗೋಳ, ಮಾನಸಿಕ ಸಾಮರ್ಥ್ಯ ಎಂದು ವಿಷಯವಾರು ಜೋಡಿಸಿಟ್ಟ ಸ್ಪರ್ಧಾತ್ಮಕ ಪರೀಕ್ಷೆಗಳ ನೋಟ್ಸುಗಳ ನಡುವೆ ಈಗ ಇಂಗ್ಲಿಷ್ ಪದಸಂಪತ್ತಿನದೊಂದು ನೋಟ್ಸ್ ಚೆನ್ನಾಗಿ ಬಿಕರಿಯಾಗುತ್ತಿದೆ. ಬೆಲೆ 180 ರೂಪಾಯಿ. ಹಳದಿ ರಟ್ಟು, ಸ್ಪೈರಲ್ ಬೈಂಡಿಂಗ್, ಎರಡೂ ಬದಿ ಮುದ್ರಣ. ಇದನ್ನು ಸಿದ್ಧಪಡಿಸಿರುವುದು ಊರಿನದೇ ಒಂದು ಕೋಚಿಂಗ್ ಸೆಂಟರ್. ತಪ್ಪುಗಳನ್ನು ಎತ್ತಿ ತೋರಿಸಬೇಕಾದ ವಿಮರ್ಶೆಯಾದ್ದರಿಂದ ಅದರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಬ್ಯಾಂಕ್ ಪರೀಕ್ಷೆ, ಎಸ್‌ಎಸ್‌ಸಿ ಮತ್ತು ರಾಜ್ಯ ಸರ್ಕಾರದ ನೇಮಕಾತಿ ಪರೀಕ್ಷೆಗಳಿಗೆ ಓದುತ್ತಿರುವ, ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತು ಬಂದ ಮಕ್ಕಳೇ ಇದರ ಮುಖ್ಯ ಗಿರಾಕಿಗಳು. ಶಿರಾ, ಮಧುಗಿರಿ, ಪಾವಗಡದ ಕಡೆಯಿಂದ ಬಂದು ಇಲ್ಲಿ ರೂಮು ಮಾಡಿಕೊಂಡಿರುವ ನನ್ನ ಹಳೆಯ ವಿದ್ಯಾರ್ಥಿಗಳ ಕೈಯಲ್ಲಿ ಇದನ್ನು ಪದೇಪದೇ ಕಂಡ ಮೇಲೆ, ಇಂಗ್ಲಿಷ್ ಪಾಠ ಮಾಡುವವನಾಗಿ ಇದನ್ನು ಮೊದಲ ಪುಟದಿಂದ ಕೊನೆಯವರೆಗೆ ಓದಿ ಅಭಿಪ್ರಾಯ ಹೇಳುವುದು ಉಚಿತವೆನ್ನಿಸಿತು.

ಇದರ ವಿಧಾನ ಸರಳವಾದುದು. ಒಂದೇ ಅಕ್ಷರಗಳಿಂದ ಆರಂಭವಾಗುವ ಇಂಗ್ಲಿಷ್ ಪದಗಳನ್ನು ಒಂದು ಪುಟದಲ್ಲಿ ಒಟ್ಟುಗೂಡಿಸಿ, ಆ ಆರಂಭಕ್ಕೆ ಸ್ವಂತದ್ದೊಂದು ಅರ್ಥವಿದೆ ಎಂದು ತೋರಿಸಿ, ಆ ಅರ್ಥದ ಆಧಾರದ ಮೇಲೆ ಉಳಿದ ಪದಗಳನ್ನು ಊಹಿಸಲು ಕಲಿಸುವುದು ಇದರ ಉದ್ದೇಶ. ಪ್ರತಿ ಪುಟದ ನೆತ್ತಿಯಲ್ಲಿ ದಪ್ಪ ಗೆರೆಯ ಚೌಕಟ್ಟೊಂದಿದ್ದು, ಅದರೊಳಗೆ 'ಈ ಅಕ್ಷರಗಳು ಕಂಡರೆ ಈ ಅರ್ಥ' ಎಂಬ ಸೂತ್ರವಿರುತ್ತದೆ. ಅದರ ಕೆಳಗೆ ಮೂರು ಕಾಲಂಗಳಲ್ಲಿ ಪದ, ಕನ್ನಡ ಲಿಪಿಯಲ್ಲಿ ಉಚ್ಚಾರಣೆ ಮತ್ತು ಕನ್ನಡ ಅರ್ಥ. ಈ ದಾರಿಯಲ್ಲಿ ಮೂಲತಃ ತಪ್ಪೇನೂ ಇಲ್ಲ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚಿನ ಮೂಲಕವೂ, ಮುಂದೆ ವಿದ್ವಾಂಸರ ಬರವಣಿಗೆಯ ಮೂಲಕ ನೇರವಾಗಿಯೂ ಲ್ಯಾಟಿನ್ ಮತ್ತು ಗ್ರೀಕ್ ಪದಗಳು ಇಂಗ್ಲಿಷಿನೊಳಕ್ಕೆ ಗುಂಪುಗುಂಪಾಗಿ ಬಂದವು. ಪರೀಕ್ಷೆಯಲ್ಲಿ ಕೇಳುವ ಕಷ್ಟದ ಪದಗಳಲ್ಲಿ ಬಹುಪಾಲು ಇವೇ ಆಗಿರುವುದರಿಂದ, ಅವುಗಳ ತಲೆಯ ತುಣುಕನ್ನು ಗುರುತಿಸಬಲ್ಲವನಿಗೆ ಅರ್ಧ ಅರ್ಥ ಸಿಕ್ಕಂತೆಯೇ. ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುವ ಬ್ಯಾಂಕ್ ಪರೀಕ್ಷೆಯಲ್ಲಿ ಈ ಅರ್ಧ ಅರ್ಥವೂ ಉಪಯೋಗಕ್ಕೆ ಬರುತ್ತದೆ.

ಮೊದಲು ಒಳ್ಳೆಯ ಪುಟಗಳ ಬಗ್ಗೆ. 'ಸರ್ಕಮ್' ಎಂಬ ಆರಂಭದ ಪುಟ ಈ ನೋಟ್ಸಿನಲ್ಲೇ ಅತ್ಯುತ್ತಮವಾದುದು. ಲ್ಯಾಟಿನ್ನಿನಲ್ಲಿ ಇದರ ಅರ್ಥ 'ಸುತ್ತ'. ಸರ್ಕಮ್‌ಫರೆನ್ಸ್ ಎಂದರೆ ಪರಿಧಿ, ಸರ್ಕಮ್‌ಸ್ಟನ್ಸ್ ಎಂದರೆ ಪರಿಸ್ಥಿತಿ, ಸರ್ಕಮ್‌ಲೊಕ್ಯೂಷನ್ ಎಂದರೆ ಸುತ್ತಿ ಬಳಸಿ ಮಾತನಾಡುವುದು, ಸರ್ಕಮ್‌ಸ್ಪೆಕ್ಟ್ ಎಂದರೆ ಹಿಂದುಮುಂದು ನೋಡಿ ನಡೆಯುವ, ಸರ್ಕಮ್‌ವೆಂಟ್ ಎಂದರೆ ನಿಯಮವನ್ನು ಬಳಸಿಕೊಂಡು ಹೋಗಿ ತಪ್ಪಿಸುವುದು, ಅಂದರೆ ನಮ್ಮವರು ಹೇಳುವ ರಂಗೋಲಿ ಕೆಳಗೆ ತೂರುವುದು. ಒಂದೂ ಪದ ಸೂತ್ರದಿಂದ ಜಾರುವುದಿಲ್ಲ. ಕನ್ನಡ ಅರ್ಥಗಳನ್ನು ಕೊಟ್ಟವರು ಯಾರೋ ಭಾಷೆ ಬಲ್ಲವರು ಎಂಬುದು ಈ ಪುಟದಲ್ಲಿ ಸ್ಪಷ್ಟವಾಗಿ ಗೊತ್ತಾಗುತ್ತದೆ. ಆದರೆ ಅವರು ತಾವೇ ಬರೆದಿಟ್ಟ ಅರ್ಥಗಳಲ್ಲಿ ಅಡಗಿರುವುದನ್ನು ಮಕ್ಕಳಿಗೆ ತೋರಿಸದೆ ಬಿಟ್ಟಿದ್ದಾರೆ. ಸರ್ಕಮ್‌ಸ್ಟನ್ಸ್ ಎಂಬುದು 'ಸುತ್ತ ನಿಂತಿರುವುದು'. ಪರಿಸ್ಥಿತಿ ಎಂಬುದರಲ್ಲೂ 'ಪರಿ' ಎಂದರೆ ಸುತ್ತ, 'ಸ್ಥಿತಿ' ಎಂದರೆ ನಿಂತಿರುವುದು. ಪದ ಕಟ್ಟಿದ ಬಗೆ ಎರಡೂ ಕಡೆ ಒಂದೇ. ಗ್ರೀಕಿನ 'ಪೆರಿ'ಯಂತೂ ಸಂಸ್ಕೃತದ 'ಪರಿ'ಯ ಹತ್ತಿರದ ಬಂಧುವೇ ಆಗಿದ್ದು, ಪೆರಿಮೀಟರ್, ಪೆರಿಫೆರಿ, ಪೆರಿಸ್ಕೋಪ್ ಪದಗಳನ್ನು ಕನ್ನಡದ ಹುಡುಗನೊಬ್ಬ ಪರಿಧಿ, ಪರಿಸರ, ಪರಿಕ್ರಮಗಳ ಜೊತೆಯಲ್ಲೇ ಕಲಿತುಬಿಡಬಹುದು.

ಈ ಬಾಂಧವ್ಯವನ್ನು ಬಳಸಿಕೊಳ್ಳದಿರುವುದೇ ಇಡೀ ನೋಟ್ಸಿನ ದೊಡ್ಡ ಕೊರತೆ ಎಂದು ನನ್ನ ಅಭಿಪ್ರಾಯ. ಪ್ರೋಗ್ರೆಸ್ ಪದದಲ್ಲಿರುವ 'ಪ್ರೋ' ಮತ್ತು ಪ್ರಗತಿಯಲ್ಲಿರುವ 'ಪ್ರ' ಒಂದೇ ಬೇರಿನವು. 'ಗ್ರೆಸ್' ಎಂದರೆ ಹೆಜ್ಜೆಯಿಡು, 'ಗತಿ' ಎಂದರೆ ನಡಿಗೆ. ಇಂಟರ್‌ನ್ಯಾಷನಲ್ ಪದದ 'ಇಂಟರ್' ಮತ್ತು ಅಂತರರಾಷ್ಟ್ರೀಯದ 'ಅಂತರ್', ಸಬ್ ರಿಜಿಸ್ಟ್ರಾರ್ ಪದದ 'ಸಬ್' ಮತ್ತು ಉಪನೋಂದಣಾಧಿಕಾರಿಯ 'ಉಪ' ಇವೂ ಹಾಗೆಯೇ. ಗ್ರೀಕಿನಿಂದ ಬಂದ 'ಇಲ್ಲ' ಎಂಬರ್ಥದ ತುಣುಕಂತೂ ಇನ್ನೂ ಸೋಜಿಗದ್ದು. ವ್ಯಂಜನದ ಮುಂದೆ ಅದು ಬರಿಯ 'ಅ', ಸ್ವರದ ಮುಂದೆ 'ಅನ್'. ಸಂಸ್ಕೃತದ ನಿಯಮವೂ ಅಕ್ಷರಶಃ ಇದೇ: ಅಧರ್ಮ, ಅನ್ಯಾಯ ಎನ್ನುವಾಗ 'ಅ', ಅನಾಚಾರ, ಅನಾದರ ಎನ್ನುವಾಗ 'ಅನ್'. ಆದ್ದರಿಂದ ಅನಾರ್ಕಿ ಎಂದರೆ ಆಳುವವನಿಲ್ಲದ ಸ್ಥಿತಿ, ಅಂದರೆ ಅರಾಜಕತೆ. ಅನಾನಿಮಸ್ ಎಂದರೆ ಹೆಸರಿಲ್ಲದ, ಅಂದರೆ ಅನಾಮಧೇಯ. ಅನೀಮಿಯಾ ಎಂದರೆ ರಕ್ತವಿಲ್ಲದಿರುವಿಕೆ, ಅಂದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಬರಹದಲ್ಲಿ ನಾವು ಓದುವ ರಕ್ತಹೀನತೆ. 1869ರಲ್ಲಿ ಟಿ.ಎಚ್. ಹಕ್ಸ್‌ಲಿ ಎಂಬ ಜೀವವಿಜ್ಞಾನಿ, ದೇವರಿದ್ದಾನೋ ಇಲ್ಲವೋ ತಿಳಿಯಲಾಗದು ಎನ್ನುವವನಿಗೆ ಆ್ಯಗ್ನಾಸ್ಟಿಕ್ ಎಂಬ ಪದವನ್ನು ಟಂಕಿಸಿದಾಗ ಆತ ಮಾಡಿದ್ದು ಇಷ್ಟೇ: 'ಜ್ಞಾನ'ದ ಗ್ರೀಕ್ ಬಂಧುವಿಗೆ 'ಅ' ಸೇರಿಸಿದ್ದು. ಅಜ್ಞೇಯತಾವಾದಿ ಎಂಬ ನಮ್ಮ ಪದವೂ ಅದೇ ರೀತಿಯಲ್ಲಿ ನಿಂತಿದೆ. 'ತಿಳಿದಿರು' ಎಂಬರ್ಥದ ನೋ ಎಂಬ ಸಾಮಾನ್ಯ ಇಂಗ್ಲಿಷ್ ಕ್ರಿಯಾಪದದ ಆರಂಭದಲ್ಲಿ ಈಗ ಉಚ್ಚಾರವಿಲ್ಲದೆ ಕುಳಿತಿರುವ 'ಕೆ' ಅಕ್ಷರವೂ ಆ 'ಜ್ಞ'ದ ಮನೆತನದ್ದೇ.

ಹೈಸ್ಕೂಲಿನಲ್ಲಿ ಕನ್ನಡ ವ್ಯಾಕರಣ ಓದಿದ ಪ್ರತಿಯೊಬ್ಬರಿಗೂ ತಿಳಿದಿರುವ ಇನ್ನೊಂದು ಸಂಗತಿಯನ್ನೂ ನೋಟ್ಸಿನವರು ಕೈಬಿಟ್ಟಿದ್ದಾರೆ. ಇನ್, ಇಲ್, ಇಮ್, ಇರ್ ಎಂಬ ನಾಲ್ಕು ಆರಂಭಗಳಿಗೆ ನಾಲ್ಕು ಬೇರೆ ಪುಟಗಳನ್ನು ಕೊಟ್ಟು, ನಾಲ್ಕನ್ನೂ ಬಾಯಿಪಾಠ ಮಾಡಬೇಕೆಂದು ಸೂಚಿಸಲಾಗಿದೆ. ಇವು ನಾಲ್ಕಲ್ಲ, ಒಂದೇ. 'ಇನ್' ಎಂಬುದು 'ಲೀಗಲ್' ಮುಂದೆ ಬಂದಾಗ 'ಇಲ್ಲೀಗಲ್' ಆಗುವುದೂ, 'ರೆಗ್ಯುಲರ್' ಮುಂದೆ 'ಇರ್‌ರೆಗ್ಯುಲರ್' ಆಗುವುದೂ, 'ಮಾರಲ್' ಮುಂದೆ 'ಇಮ್ಮಾರಲ್' ಆಗುವುದೂ ಸಂಧಿಕಾರ್ಯವೇ ಹೊರತು ಬೇರೇನೂ ಅಲ್ಲ. ಉತ್ ಮತ್ತು ಲೇಖ ಸೇರಿ ಉಲ್ಲೇಖ, ಸತ್ ಮತ್ತು ಜನ ಸೇರಿ ಸಜ್ಜನ ಆಗುವುದನ್ನು ಕಲಿತ ವಿದ್ಯಾರ್ಥಿಗೆ ಒಂದು ಸಾಲಿನಲ್ಲಿ ಮುಗಿಯುತ್ತಿದ್ದ ಪಾಠವಿದು. ಕಾನ್, ಕಾಮ್, ಕಾಲ್, ಕಾರ್ ಎಂಬ 'ಜೊತೆಗೆ' ಎಂಬರ್ಥದ ಆರಂಭಗಳಿಗೂ ಇದೇ ಮಾತು ಸಲ್ಲುತ್ತದೆ: ಕನೆಕ್ಟ್, ಕಂಬೈನ್, ಕಲೆಕ್ಟ್, ಕರೆಸ್ಪಾಂಡ್ ಎಲ್ಲವುಗಳ ತಲೆಯಲ್ಲಿರುವುದು ಒಂದೇ ತುಣುಕು. ಸಂಧಿ ತಿಳಿದವರ ಮಕ್ಕಳಿಗೆ ಎಂಟು ಪುಟ ಉರುಹೊಡೆಸುವುದು ಅನ್ಯಾಯವೆಂದೇ ಹೇಳಬೇಕು.

ಇನ್ನು ನಂಬಬಾರದ ಪುಟಗಳಿಗೆ ಬರೋಣ. ಮೊದಲಕ್ಷರಗಳು ಒಂದೇ ಆಗಿದ್ದ ಮಾತ್ರಕ್ಕೆ ಪದಗಳು ಒಂದೇ ವಂಶದವಾಗುವುದಿಲ್ಲ ಎಂಬ ಎಚ್ಚರಿಕೆ ಈ ನೋಟ್ಸಿನ ಮೊದಲ ಭಾಗದಲ್ಲಿ ಒಂದು ಕಡೆಯೂ ಇಲ್ಲ. ಕನ್ನಡದಲ್ಲೇ ನೋಡಿ: ಮುಂಗಾರು, ಮುಂಜಾನೆ, ಮುಂಗೈ, ಮುಂಗಡ ಎಲ್ಲದರಲ್ಲೂ 'ಮುನ್' ಇದೆ, ಹಾಗೆಂದು ಮುಂಗುಸಿಯಲ್ಲಿ ಅದನ್ನು ಹುಡುಕಲು ಯಾರೂ ಹೋಗುವುದಿಲ್ಲ. ಹಿಂಗಾರಿನ 'ಹಿನ್' ಒಗ್ಗರಣೆಯ ಹಿಂಗಿನಲ್ಲಿಲ್ಲ. ಮಾತೃಭಾಷೆಯಲ್ಲಿ ಇಂತಹ ಜಾಗ ಬಂದಾಗ ಕಿವಿಯೇ ಎಚ್ಚರಿಸುತ್ತದೆ. ಕಲಿಯುತ್ತಿರುವ ಭಾಷೆಯಲ್ಲಿ ಆ ರಕ್ಷಣೆಯಿಲ್ಲದ ಕಾರಣ ಪುಸ್ತಕವೇ ಎಚ್ಚರಿಸಬೇಕಾಗುತ್ತದೆ.

'ಮ್ಯಾಲ್' ಪುಟದ ಚೌಕಟ್ಟಿನೊಳಗೆ 'ಈ ಅಕ್ಷರಗಳು ಕಂಡರೆ ಕೆಟ್ಟದ್ದು ಎಂದು ತಿಳಿಯಿರಿ' ಎಂದು ಬರೆದಿದೆ. ಮ್ಯಾಲಿಸ್ ಎಂದರೆ ಹಗೆತನ, ಮ್ಯಾಲ್‌ನ್ಯೂಟ್ರಿಷನ್ ಎಂದರೆ ಅಪೌಷ್ಟಿಕತೆ, ಮ್ಯಾಲಿಗ್ನಂಟ್ ಎಂದರೆ ಹಾನಿಕಾರಕ, ಇವೆಲ್ಲ ಸರಿ. ಮಲೇರಿಯಾವನ್ನೂ ಸೇರಿಸಿರುವುದು ಮೆಚ್ಚತಕ್ಕದ್ದು. ಇಟಾಲಿಯನ್ ಭಾಷೆಯಲ್ಲಿ ಅದು 'ಕೆಟ್ಟ ಗಾಳಿ'. ಜೌಗು ನೆಲದ ಕೆಟ್ಟ ಗಾಳಿಯಿಂದ ಜ್ವರ ಬರುತ್ತದೆಂದು ಜನ ನಂಬಿದ್ದ ಕಾಲದ ಹೆಸರದು. 1897ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಆ ರೋಗಾಣುವನ್ನು ಕಂಡ ಮೇಲೂ ಹೆಸರು ಬದಲಾಗಲಿಲ್ಲ. ಆದರೆ ಅದೇ ಪಟ್ಟಿಯ ಕೆಳಗೆ ಮ್ಯಾಲಿಯಬಲ್ ಎಂಬ ಪದವನ್ನಿಟ್ಟು ಅದಕ್ಕೆ 'ಕೆಡಬಹುದಾದ' ಎಂಬ ಅರ್ಥ ಕೊಟ್ಟಿದ್ದಾರೆ. ಮ್ಯಾಲಿಯಬಲ್ ಎಂದರೆ ಬಡಿದು ತಗಡು ಮಾಡಬಹುದಾದದ್ದು, ಚಿನ್ನ ಬೆಳ್ಳಿಗಳ ಗುಣ; ಅದರ ಮೂಲ ಲ್ಯಾಟಿನ್ನಿನ ಸುತ್ತಿಗೆ, ಮ್ಯಾಲೆಟ್ ಕೂಡ ಅಲ್ಲಿಂದಲೇ ಬಂದದ್ದು. ವಿಜ್ಞಾನದ ಪಾಠದಲ್ಲಿ ಲೋಹಗಳ ಗುಣ ಓದಿದ ವಿದ್ಯಾರ್ಥಿ ಈ ಪುಟವನ್ನು ನಂಬಿದರೆ ತಿಳಿದಿದ್ದನ್ನೂ ಮರೆಯುವ ಅಪಾಯವಿದೆ. ಇದರ ಎದುರಿನ ಪುಟದಲ್ಲಿ 'ಬೆನೆ', ಅಂದರೆ 'ಒಳ್ಳೆಯ' ಎಂಬ ಗುಂಪು ನಿರ್ದೋಷವಾಗಿದೆ. ಬೆನಿಫಿಷಿಯರಿ ಎಂಬುದಕ್ಕೆ 'ಫಲಾನುಭವಿ' ಎಂದು ಕಚೇರಿಯ ಪದವನ್ನೇ ಕೊಟ್ಟಿರುವುದು, ಬಿನೈನ್ ಎಂಬುದನ್ನು ಮ್ಯಾಲಿಗ್ನಂಟ್ ಎದುರಿಗೆ ಇಟ್ಟು ಆಸ್ಪತ್ರೆಯ ಗಡ್ಡೆ ಪರೀಕ್ಷೆಯ ವರದಿಯಲ್ಲಿ ಈ ಎರಡು ಪದಗಳು ಹೇಗೆ ಬರುತ್ತವೆಂದು ವಿವರಿಸಿರುವುದು ಎರಡೂ ಒಳ್ಳೆಯ ಕೆಲಸ. (ಕಂದಾಯ ಇಲಾಖೆಯ ಕಡತಗಳಲ್ಲಿ ಬರುವ ಬೇನಾಮಿಯನ್ನು ಪುಣ್ಯಕ್ಕೆ ಈ ಪಟ್ಟಿಗೆ ಸೇರಿಸಿಲ್ಲ, ಅದು ಪರ್ಷಿಯನ್ ಪದ, ಅದರಲ್ಲಿ ಒಳ್ಳೆಯದೇನೂ ಇಲ್ಲ.)

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವುದು 'ಆ್ಯಂಟಿ' ಪುಟ. 'ವಿರುದ್ಧ' ಎಂಬ ಅರ್ಥದ ಗ್ರೀಕಿನ ತುಣುಕು ಮತ್ತು 'ಮುಂಚೆ' ಎಂಬ ಅರ್ಥದ ಲ್ಯಾಟಿನ್ನಿನ ತುಣುಕು ಬರವಣಿಗೆಯಲ್ಲಿ ಒಂದು ಅಕ್ಷರದಷ್ಟೇ ಬೇರೆ; ಮೊದಲನೆಯದರ ಕೊನೆಯಲ್ಲಿ 'ಐ', ಎರಡನೆಯದರ ಕೊನೆಯಲ್ಲಿ 'ಇ'. ಇಷ್ಟೇ ಆಗಿದ್ದರೆ ಕಷ್ಟವಿರಲಿಲ್ಲ. ಲ್ಯಾಟಿನ್ನಿನ ತುಣುಕು ಕೆಲವು ಪದಗಳಲ್ಲಿ 'ಐ' ಅಕ್ಷರವನ್ನೇ ತೊಟ್ಟು ಬರುತ್ತದೆ. ಆ್ಯಂಟಿಸಿಪೇಟ್ ಎಂದರೆ ಮುಂಚಿತವಾಗಿ ನಿರೀಕ್ಷಿಸು. ಆ್ಯಂಟೀಕ್ ಎಂದರೆ ಹಿಂದಿನ ಕಾಲದ್ದು. ನೋಟ್ಸಿನವರು ಇವೆರಡನ್ನೂ ಆ್ಯಂಟಿಬಯಾಟಿಕ್, ಆ್ಯಂಟಿಸೆಪ್ಟಿಕ್ ಜೊತೆಗೆ 'ವಿರುದ್ಧ' ಎಂಬ ಚೌಕಟ್ಟಿನಡಿ ಹಾಕಿ, ಆ್ಯಂಟಿಸಿಪೇಟ್ ಎಂಬುದಕ್ಕೆ 'ವಿರೋಧಿಸು' ಎಂದು ಅರ್ಥ ಬರೆದುಬಿಟ್ಟಿದ್ದಾರೆ. ಆ್ಯಂಟಿಸಿಪೇಟರಿ ಬೇಲ್ ಎಂಬುದನ್ನು ಕನ್ನಡ ಪತ್ರಿಕೆಗಳು ದಿನ ಬೆಳಗಾದರೆ 'ನಿರೀಕ್ಷಣಾ ಜಾಮೀನು' ಎಂದು ಬರೆಯುತ್ತಿರುವಾಗ, ಬಂಧನವಾಗುವ ಮುನ್ನವೇ ಕೇಳುವ ಆ ಜಾಮೀನನ್ನು ಒಮ್ಮೆ ನೆನೆದಿದ್ದರೂ ಈ ತಪ್ಪು ಆಗುತ್ತಿರಲಿಲ್ಲ. 'ಮುಂಚೆ' ಎಂಬರ್ಥದ ಆ ತುಣುಕಿಗೆ ನಮ್ಮ ನಿತ್ಯಜೀವನದಲ್ಲೇ ಬೇಕಾದಷ್ಟು ಉದಾಹರಣೆಗಳಿವೆ. ಬೆಳಗಿನ ಹೊತ್ತನ್ನು ಸೂಚಿಸುವ ಎ.ಎಂ. ಎಂಬುದರ ಪೂರ್ಣರೂಪ ಲ್ಯಾಟಿನ್ನಿನ 'ಆಂಟೆ ಮೆರಿಡಿಯಮ್', ಅಂದರೆ ಮಧ್ಯಾಹ್ನಕ್ಕೆ ಮುಂಚೆ. ತಾಯಿ ಕಾರ್ಡ್ ಹಿಡಿದು ಹೋಗುವ ಗರ್ಭಿಣಿಯರಿಗೆ ಆಶಾ ಕಾರ್ಯಕರ್ತೆಯರು ಹೇಳುವ ಎ.ಎನ್.ಸಿ. ತಪಾಸಣೆಯ ಮೊದಲ ಪದ ಆ್ಯಂಟಿನೇಟಲ್, ಅಂದರೆ ಹೆರಿಗೆಗೆ ಮುಂಚಿನದು. ಅದನ್ನು 'ಹೆರಿಗೆಗೆ ವಿರುದ್ಧ' ಎಂದು ಓದುವ ವಿದ್ಯಾರ್ಥಿನಿ ನಾಳೆ ಆರೋಗ್ಯ ಇಲಾಖೆಯ ಹುದ್ದೆಗೇ ಪರೀಕ್ಷೆ ಬರೆಯುವವಳಿರಬಹುದು.

'ಇನ್' ಪುಟದಲ್ಲಿಯೂ ಇದೇ ಬಗೆಯ ಅವಸರ ಕಾಣುತ್ತದೆ. 'ಇಲ್ಲ' ಎಂಬರ್ಥದ 'ಇನ್' ಒಂದಾದರೆ, 'ಒಳಗೆ' ಎಂಬರ್ಥದ 'ಇನ್' ಇನ್ನೊಂದು. ತುಮಕೂರಿನ ಬೈಪಾಸಿನಲ್ಲಿ ಸಾಲುಸಾಲಾಗಿ ಹೋಗುವ ಪೆಟ್ರೋಲ್ ಟ್ಯಾಂಕರುಗಳ ಹಿಂದೆ ಕೆಂಪಕ್ಷರದಲ್ಲಿ ಬರೆದಿರುವ ಇನ್‌ಫ್ಲೇಮಬಲ್ ಎಂಬ ಪದದಲ್ಲಿರುವುದು ಎರಡನೆಯದು. ಅದರ ಅರ್ಥ ಬೇಗ ಹೊತ್ತಿಕೊಳ್ಳುವ ಎಂದು. ನೋಟ್ಸಿನಲ್ಲಿ ಇದಕ್ಕೆ 'ಬೆಂಕಿ ಹತ್ತದ' ಎಂಬ ಅರ್ಥ ಕೊಟ್ಟಿರುವುದು ಪರೀಕ್ಷೆಯ ಅಂಕಕ್ಕಿಂತ ದೊಡ್ಡ ಅಪಾಯ. ಇನ್‌ವ್ಯಾಲ್ಯುಯಬಲ್ ಎಂಬುದಕ್ಕೆ 'ಬೆಲೆಯಿಲ್ಲದ' ಎಂದು ಬರೆದಿದ್ದಾರೆ. ತುಣುಕು ಇಲ್ಲಿ 'ಇಲ್ಲ' ಎಂಬರ್ಥದ್ದೇ ಹೌದು, ಆದರೆ ಒಟ್ಟು ಅರ್ಥ 'ಬೆಲೆ ಕಟ್ಟಲಾಗದ' ಎಂದು. ಅಮೂಲ್ಯ ಎಂಬ ಪದದಲ್ಲಿ 'ಅ' ಮಾಡುವ ಕೆಲಸವನ್ನೇ ಇಲ್ಲಿ 'ಇನ್' ಮಾಡುತ್ತಿದೆ. ಮನೆಮನೆಯಲ್ಲೂ ಅಮೂಲ್ಯ ಎಂಬ ಹೆಸರಿನ ಹುಡುಗಿಯಿರುವ ಜಿಲ್ಲೆಯಲ್ಲಿ ಇದು ಹೊಳೆಯದೆ ಹೋದದ್ದು ಆಶ್ಚರ್ಯ. ಇನ್‌ಫೇಮಸ್ ಎಂದರೆ ಹೆಸರಿಲ್ಲದವನಲ್ಲ, ಕುಖ್ಯಾತ. ಇದನ್ನು ಮಾತ್ರ ಅವರು ಸರಿಯಾಗಿ ಕೊಟ್ಟಿದ್ದಾರೆ.

ಪಾದಕ್ಕೆ ಸಂಬಂಧಿಸಿದ ಪೆಡಲ್, ಪೆಡೆಸ್ಟ್ರಿಯನ್ ಪದಗಳ ಜೊತೆಗೆ ಮಕ್ಕಳಿಗೆ ಸಂಬಂಧಿಸಿದ ಪೀಡಿಯಾಟ್ರಿಕ್ಸ್, ಪೆಡಗಾಜಿ ಪದಗಳನ್ನು ಬೆರೆಸಿರುವುದೂ, ಕೈ ಎಂಬರ್ಥದ ಮ್ಯಾನ್ಯುಯಲ್, ಮ್ಯಾನ್ಯುಸ್ಕ್ರಿಪ್ಟ್ ಪದಗಳನ್ನು ಮನುಷ್ಯ ಎಂಬರ್ಥದ ಮ್ಯಾನ್‌ಕೈಂಡ್ ಜೊತೆಗೆ ಕೂರಿಸಿರುವುದೂ ಇದೇ ಜಾತಿಯ ತಪ್ಪುಗಳು. ಎರಡನೆಯದನ್ನು ಕನ್ನಡ ಅರ್ಥದ ಕಾಲಂ ನೋಡಿಯೇ ಹಿಡಿಯಬಹುದಿತ್ತು: ಕೈಪಿಡಿ, ಹಸ್ತಪ್ರತಿ ಎಂದು ಎರಡು ಸಲ ಕೈಯನ್ನು ಬರೆದ ಮೇಲೂ ಚೌಕಟ್ಟಿನಲ್ಲಿ 'ಮನುಷ್ಯ' ಎಂದು ಉಳಿದಿದೆ. ಕಾಲಂ ತುಂಬಿದವರು ಬೇರೆ, ಚೌಕಟ್ಟಿನ ಸೂತ್ರ ಬರೆದವರು ಬೇರೆ, ಇಬ್ಬರೂ ಒಬ್ಬರದನ್ನೊಬ್ಬರು ಓದಿಲ್ಲ ಎಂಬುದು ನನ್ನ ಅನುಮಾನ. ವಂಶಾವಳಿ ಎಂಬರ್ಥದ ಪೆಡಿಗ್ರೀ ಪದವನ್ನು ಪಾದದ ಗುಂಪಿನಲ್ಲಿಟ್ಟಿರುವುದು ಮಾತ್ರ, ತಿಳಿದೋ ತಿಳಿಯದೆಯೋ, ಸರಿಯಾಗಿದೆ. ವಂಶವೃಕ್ಷದ ಕವಲುಗೆರೆಗಳು ಕೊಕ್ಕರೆಯ ಹೆಜ್ಜೆಯಂತೆ ಕಾಣುತ್ತಿದ್ದುದರಿಂದ ಹಳೆಯ ಫ್ರೆಂಚಿನಲ್ಲಿ ಅದಕ್ಕೆ 'ಕೊಕ್ಕರೆ ಪಾದ' ಎಂದು ಹೆಸರು ಬಂತು.

ನೋಟ್ಸಿನ ಎರಡನೆಯ ಭಾಗದಲ್ಲಿ ಆರಂಭವೂ ಒಂದೇ, ನೋಟಕ್ಕೂ ಒಂದೇ ಆಗಿದ್ದು ಅರ್ಥ ಮಾತ್ರ ಬೇರೆಯಾದ ಜೋಡಿಗಳಿವೆ. ಬಾಟಿಯಾ ಲಾಫರ್ ಎಂಬ ಭಾಷಾವಿಜ್ಞಾನಿ ಇಂತಹವಕ್ಕೆ ಸಿನ್‌ಫಾರ್ಮ್ ಎಂದು ಹೆಸರಿಟ್ಟು, ಪರಭಾಷೆ ಕಲಿಯುವವರು ಮುಗ್ಗರಿಸುವ ಮುಖ್ಯ ಸ್ಥಳಗಳಲ್ಲಿ ಇವೂ ಒಂದೆಂದು ತೋರಿಸಿದ್ದಾರೆ. ಇಲ್ಲಿ ಕನ್ನಡ ಲಿಪಿಯ ಉಚ್ಚಾರಣೆಯ ಕಾಲಂ ಸಹಾಯ ಮಾಡುವ ಬದಲು ಕಾಲಿಗೆ ತೊಡರುತ್ತದೆ. ದತ್ತು ತೆಗೆದುಕೊಳ್ಳುವುದಕ್ಕೂ ಅಡಾಪ್ಟ್, ಹೊಂದಿಕೊಳ್ಳುವುದಕ್ಕೂ ಅಡಾಪ್ಟ್. ನಿಂತಲ್ಲೇ ನಿಂತಿರುವುದಕ್ಕೂ ಸ್ಟೇಷನರಿ, ಪೆನ್ನು ಕಾಗದಕ್ಕೂ ಸ್ಟೇಷನರಿ. ಪೂರಕಕ್ಕೂ ಕಾಂಪ್ಲಿಮೆಂಟ್, ಹೊಗಳಿಕೆಗೂ ಕಾಂಪ್ಲಿಮೆಂಟ್. ಇವುಗಳಲ್ಲಿ ಮೊದಲನೆಯ ಜೋಡಿಯ ಉಚ್ಚಾರ ಇಂಗ್ಲಿಷಿನಲ್ಲಿ ನಿಜಕ್ಕೂ ಬೇರೆ. 'ಎ' ಇರುವಲ್ಲಿ ಬಾಯಿ ಅಗಲಿಸಿ ಆ್ಯ ಎನ್ನಬೇಕು, 'ಓ' ಇರುವಲ್ಲಿ ತುಟಿ ದುಂಡಗೆ ಮಾಡಿ ಆ ಎನ್ನಬೇಕು. ಹೊಂದಿಕೊಳ್ಳುವುದನ್ನು ಅಡ್ಯಾಪ್ಟ್ ಎಂದು ಬರೆದು ಈ ಭೇದವನ್ನು ಕನ್ನಡದಲ್ಲೂ ತೋರಿಸಬಹುದಾಗಿತ್ತು. ಉಳಿದೆರಡು ಜೋಡಿಗಳಲ್ಲಿ ಉಚ್ಚಾರಭೇದ ಇಲ್ಲವೆಂದೇ ಹೇಳಬಹುದಾದ್ದರಿಂದ, ಕಾಗುಣಿತದಲ್ಲಿ ಯಾವ ಅಕ್ಷರ ಬದಲಾಗಿದೆಯೋ ಅದಕ್ಕೆ ಅಡಿಗೆರೆ ಎಳೆದಿದ್ದರೂ ಸಾಕಿತ್ತು. ಅದನ್ನೂ ಮಾಡಿಲ್ಲ. ಈ ಭಾಗಕ್ಕೆ ನಾನು ಹತ್ತಕ್ಕೆ ಮೂರಕ್ಕಿಂತ ಹೆಚ್ಚು ಕೊಡಲಾರೆ.

ಹೀಗೆಲ್ಲ ಆಕ್ಷೇಪಿಸಿದ ಮೇಲೆ, ಕೊನೆಯ ಪುಟಗಳಲ್ಲಿರುವ ಒಂದು ಚಿಕ್ಕ ಅಧ್ಯಾಯವನ್ನು ಮನಸಾರೆ ಹೊಗಳಬೇಕು. ಗ್ಲೋ, ಗ್ಲೀಮ್, ಗ್ಲಿಟರ್, ಗ್ಲಿಸನ್, ಗ್ಲಿಮರ್ ಎಂಬ ಹೊಳಪಿನ ಪದಗಳನ್ನೂ, ಸ್ನಿಫ್, ಸ್ನೋರ್, ಸ್ನಾರ್ಟ್, ಸ್ನೌಟ್, ಸ್ನೀಜ್ ಎಂಬ ಮೂಗಿನ ಪದಗಳನ್ನೂ ಅಲ್ಲಿ ಒಟ್ಟಿಗಿಟ್ಟಿದ್ದಾರೆ. ಇವು ಲ್ಯಾಟಿನ್ ಗ್ರೀಕ್ ತುಣುಕುಗಳಲ್ಲ, ಆರಂಭದ ಧ್ವನಿಯೇ ಒಂದು ಬಗೆಯ ಅರ್ಥವನ್ನು ಸೂಚಿಸುವ ಪದಗಳು. ಇಂತಹ ಧ್ವನಿಗೆ ಜೆ.ಆರ್. ಫರ್ತ್ ಎಂಬ ಆಂಗ್ಲ ಭಾಷಾವಿಜ್ಞಾನಿ 1930ರಲ್ಲಿ ಫೋನಸ್ತೀಮ್ ಎಂಬ ಹೆಸರು ಕೊಟ್ಟರು. ಸ್ನೀಜ್ ಪದದ ಕಥೆ ಇನ್ನೂ ಸ್ವಾರಸ್ಯಕರ: ಹಳೆಯ ಇಂಗ್ಲಿಷಿನಲ್ಲಿ ಅದು 'ಎಫ್' ಅಕ್ಷರದಿಂದ ಆರಂಭವಾಗುತ್ತಿತ್ತು, ಕಾಲಕ್ರಮದಲ್ಲಿ ಮೂಗಿನ ಗುಂಪಿಗೇ ಬಂದು ಸೇರಿಕೊಂಡಿತು. ಇಲ್ಲಿ ನೋಟ್ಸಿನವರು ಮೊದಲ ಬಾರಿಗೆ ಕನ್ನಡದ ಕಡೆ ತಿರುಗಿ ನೋಡಿ, ಮಿಂಚು, ಮಿನುಗು, ಮಿಣುಕು, ಮಿರುಗು ಎಂಬ ಸಾಲನ್ನೂ ಮೂಗು, ಮೂಸು, ಮೂತಿ ಎಂಬ ಸಾಲನ್ನೂ ಪಕ್ಕದಲ್ಲಿ ಅಚ್ಚು ಹಾಕಿದ್ದಾರೆ. 'ಗ್ಲೂ, ಗ್ಲವ್ ಇವು ಹೊಳೆಯುವುದಿಲ್ಲ. ಸ್ನೇಕ್‌ಗೆ ಇಲ್ಲಿ ಕೆಲಸವಿಲ್ಲ' ಎಂದು ಕೆಳಗೊಂದು ಟಿಪ್ಪಣಿಯೂ ಇದೆ. ಈ ಎಚ್ಚರ ಮೊದಲ ಭಾಗದಲ್ಲಿ ಇದ್ದಿದ್ದರೆ ಈ ವಿಮರ್ಶೆ ಅರ್ಧಕ್ಕೇ ಮುಗಿಯುತ್ತಿತ್ತು.

ಉಳಿದ ಸಂಗತಿಗಳನ್ನು ಸಂಕ್ಷೇಪವಾಗಿ ಹೇಳುವುದಾದರೆ, ಕಾಗದ ಸಾಧಾರಣ, ಅಕ್ಷರಗಳ ಗಾತ್ರ ಚಿಕ್ಕದು, ರಾತ್ರಿ ಓದುವವರಿಗೆ ಕಣ್ಣಿಗೆ ಆಯಾಸವಾಗುತ್ತದೆ. ಅಕಾರಾದಿ ಪದಸೂಚಿ ಇಲ್ಲದಿರುವುದು ದೊಡ್ಡ ಅನನುಕೂಲ, ಏಕೆಂದರೆ ಒಂದು ಪದ ಯಾವ ಗುಂಪಿನಲ್ಲಿದೆ ಎಂದು ತಿಳಿಯದವನಿಗೆ ಅದನ್ನು ಹುಡುಕುವ ಬೇರೆ ದಾರಿಯೇ ಇಲ್ಲ. 1604ರಲ್ಲಿ ರಾಬರ್ಟ್ ಕಾಡ್ರಿ ಇಂಗ್ಲಿಷಿನ ಮೊದಲ ಇಂಗ್ಲಿಷ್-ಇಂಗ್ಲಿಷ್ ನಿಘಂಟನ್ನು ಹೊರತಂದಾಗ, ಅಕ್ಷರಕ್ರಮದಲ್ಲಿ ಪದ ಹುಡುಕುವುದು ಹೇಗೆಂದು ಓದುಗರಿಗೆ ಮುನ್ನುಡಿಯಲ್ಲೇ ಪಾಠ ಹೇಳಬೇಕಾಗಿತ್ತು. ಇಂದಿನ ಓದುಗರಿಗೆ ಆ ಪಾಠ ಬೇಕಿಲ್ಲ, ಸೂಚಿ ಬೇಕು. ರಟ್ಟಿನ ಒಳಬದಿಯಲ್ಲಿ ಪುನರಾವರ್ತನೆಯ ವೇಳಾಪಟ್ಟಿಯೊಂದಿದೆ: ಕಲಿತ ಮಾರನೆಯ ದಿನ, ವಾರದ ನಂತರ, ತಿಂಗಳ ನಂತರ ಮತ್ತೆ ನೋಡಬೇಕು ಎಂಬುದಾಗಿ. ಮರೆವಿನ ಬಗ್ಗೆ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲಿ ಪ್ರಕಟಿಸಿದ ಪ್ರಯೋಗಗಳ ಕಾಲದಿಂದಲೂ ಬಿಡುವು ಕೊಟ್ಟು ಪುನರಾವರ್ತಿಸುವುದು ಒಳ್ಳೆಯದೆಂದು ಗೊತ್ತಿರುವುದರಿಂದ ಇದನ್ನು ಪಾಲಿಸುವುದು ಲಾಭದಾಯಕ. ಅಭ್ಯಾಸ ಪ್ರಶ್ನೆಗಳು ಕಡಿಮೆಯಿದ್ದು, ಇರುವವೂ ಪದವನ್ನು ವಾಕ್ಯದಲ್ಲಿ ಬಳಸಲು ಕೇಳುವುದಿಲ್ಲ, ಅರ್ಥ ಹೊಂದಿಸಿ ಎನ್ನುವುದರಲ್ಲೇ ಮುಗಿಯುತ್ತವೆ.

180 ರೂಪಾಯಿಗೆ ಇದನ್ನು ಕೊಳ್ಳಬೇಕೇ ಎಂದು ಕೇಳುವವರಿಗೆ ನನ್ನ ಉತ್ತರ ಷರತ್ತಿನದು. ಮನೆಯಲ್ಲಿ ಒಳ್ಳೆಯ ಇಂಗ್ಲಿಷ್-ಕನ್ನಡ ನಿಘಂಟಿದ್ದು, ಪ್ರತಿ ಗುಂಪಿನ ಪದವನ್ನೂ ಒಮ್ಮೆ ಅಲ್ಲಿ ತೆರೆದು ನೋಡುವ ತಾಳ್ಮೆಯಿದ್ದವರು ಕೊಳ್ಳಬಹುದು. 'ಸರ್ಕಮ್', 'ಬೆನೆ', 'ಸಬ್', 'ಇಂಟರ್' ಪುಟಗಳು ಮತ್ತು ಕೊನೆಯ ಧ್ವನಿಯ ಅಧ್ಯಾಯ ಇಷ್ಟಕ್ಕೇ ಆ ಹಣ ಸಂದುಹೋಗುತ್ತದೆ. ನಿಘಂಟಿಲ್ಲದವರು ಮೊದಲು ನಿಘಂಟು ಕೊಳ್ಳಲಿ, ಇಲ್ಲವೇ ಜಿಲ್ಲಾ ಕೇಂದ್ರ ಗ್ರಂಥಾಲಯದ ಆಕರ ವಿಭಾಗದಲ್ಲಿ ಕುಳಿತು ನೋಟ್ಸನ್ನು ಪಕ್ಕದಲ್ಲಿಟ್ಟುಕೊಂಡು ತಿದ್ದಿಕೊಳ್ಳಲಿ. 'ಆ್ಯಂಟಿ', 'ಇನ್', 'ಮ್ಯಾಲ್', 'ಪೆಡ್', 'ಮ್ಯಾನ್' ಪುಟಗಳ ಚೌಕಟ್ಟಿನ ಸೂತ್ರಗಳನ್ನು ಕೊಂಡ ದಿನವೇ ಪೆನ್ನಿನಿಂದ ಹೊಡೆದುಹಾಕುವುದು ಕ್ಷೇಮ. ಈಗ ಮಾರಾಟದಲ್ಲಿರುವ ಪ್ರತಿಗಳಲ್ಲಿ ಬೈಂಡಿಂಗ್ ಮಾಡುವಾಗ ಕೆಲವು ಹಾಳೆಗಳು ತಲೆಕೆಳಗಾಗಿ ಸೇರಿಕೊಂಡಿರುವುದರಿಂದ, ಹಣ ಕೊಡುವ ಮುಂಚೆ ಅಂಗಡಿಯಲ್ಲೇ ನಿಂತು ಹಾಳೆ ತಿರುವಿ ನೋಡಿಕೊಳ್ಳಬೇಕು. ತೋರಿಸಿದರೆ ಬೇರೆ ಪ್ರತಿ ಬದಲಿಸಿ ಕೊಡುತ್ತಾರೆ.